ತರ್ತುಪಲುಕ್: ನಿರ್ಜನ ದ್ವೀಪವೊಂದರ ಭೂಗೋಳ ಮತ್ತು ಹೆಸರು

ಗ್ರೀನ್‌ಲೆಂಡಿನ ವಾಯವ್ಯ ಕರಾವಳಿಗೂ ಕೆನಡಾಕ್ಕೆ ಸೇರಿದ ಎಲ್ಸ್‌ಮಿಯರ್ ದ್ವೀಪಕ್ಕೂ ನಡುವೆ ಕಿರಿದಾದ ಕಡಲಹಾದಿಯೊಂದಿದೆ. ಇದನ್ನು ನೇರ್ಸ್ ಜಲಸಂಧಿ ಎಂದು ಕರೆಯಲಾಗುತ್ತದೆ. ಉತ್ತರದ ಲಿಂಕನ್ ಸಮುದ್ರದಿಂದ ಹೊರಟು ರೋಬ್ಸನ್ ಚಾನಲ್, ಹಾಲ್ ಬೇಸಿನ್, ಕೆನಡಿ ಚಾನಲ್, ಕೇನ್ ಬೇಸಿನ್, ಸ್ಮಿತ್ ಸೌಂಡ್ ಎಂಬ ಭಾಗಗಳನ್ನು ಹಾದು ಇದು ದಕ್ಷಿಣದ ಬ್ಯಾಫಿನ್ ಕೊಲ್ಲಿಯನ್ನು ಸೇರುತ್ತದೆ. ಇದರ ಕೆನಡಿ ಚಾನಲ್ ಭಾಗದಲ್ಲಿ, ಸುಮಾರು 80 ಡಿಗ್ರಿ 49 ನಿಮಿಷ ಉತ್ತರ ಅಕ್ಷಾಂಶ, 66 ಡಿಗ್ರಿ 27 ನಿಮಿಷ ಪಶ್ಚಿಮ ರೇಖಾಂಶದಲ್ಲಿ, ಒಂದೂಕಾಲು ಚದರ ಕಿಲೋಮೀಟರಿನಷ್ಟು ವಿಸ್ತಾರದ ಬಂಡೆಯೊಂದು ನೀರಿನಿಂದ ಮೇಲೆದ್ದು ನಿಂತಿದೆ. ನಕಾಶೆಗಳು ಇದನ್ನು ಹ್ಯಾನ್ಸ್ ದ್ವೀಪವೆಂದು ಗುರುತಿಸುತ್ತವೆ. ವಾಯವ್ಯ ಗ್ರೀನ್‌ಲೆಂಡಿನ ಇನುಘುಯಿಟ್ ಜನ ಇದನ್ನು ತರ್ತುಪಲುಕ್ ಎನ್ನುತ್ತಾರೆ. ಮರವಿಲ್ಲದ, ಹೆಸರಿಗೆ ಮಾತ್ರ ಮಣ್ಣಿರುವ, ಯಾರೂ ವಾಸಿಸದ ಈ ಬಂಡೆಗಾಗಿ ಎರಡು ದೇಶಗಳು ಸುಮಾರು ಅರ್ಧ ಶತಮಾನ ಕಾಲ ವಾದ ನಡೆಸಿದವು. ಆ ವಾದದ ಕಾರಣದಿಂದಲೇ ದ್ವೀಪ ಲೋಕಕ್ಕೆ ಪರಿಚಯವಾಯಿತು. ಆದರೆ ವಾದದ ಮೂಲಕವೇ ಅದನ್ನು ನೋಡಲು ಹೊರಟರೆ ಕಣ್ಣಿಗೆ ಬೀಳುವುದು ಖಾಲಿ ನೆಲವೊಂದೇ. ಅದರ ಸುತ್ತಲಿನ ಹಿಮವನ್ನೂ ಅದರ ಹೆಸರುಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ದೊರೆಯುವ ಚಿತ್ರ ಬೇರೆಯದು.

ನಿರ್ಜನ ಎಂಬ ಮಾತನ್ನೇ ಮೊದಲು ಸ್ಪಷ್ಟಪಡಿಸಿಕೊಳ್ಳಬೇಕಾಗಿದೆ. ಕರ್ನಾಟಕದ ಕಂದಾಯ ದಾಖಲೆಗಳಲ್ಲಿ ಜನವಸತಿಯಿಲ್ಲದ ಹಳ್ಳಿಗೆ ‘ಬೇಚರಾಕ್ ಗ್ರಾಮ’ ಎಂಬ ಮಾತು ಬಳಕೆಯಲ್ಲಿದೆ. ದೀಪವಿಲ್ಲದ್ದು ಎಂಬ ಅರ್ಥದ ಪಾರಸಿ ಪದದಿಂದ ಬಂದದ್ದು ಇದು. ದೀಪವಿಲ್ಲದ ಮಾತ್ರಕ್ಕೆ ಆ ನೆಲ ಯಾರ ಬಳಕೆಯಲ್ಲೂ ಇಲ್ಲವೆಂದಾಗುವುದಿಲ್ಲ. ಅಲ್ಲಿ ಉಳುವವರಿರುತ್ತಾರೆ, ದನ ಮೇಯಿಸುವವರಿರುತ್ತಾರೆ, ಹಳೆಯ ಗುಡಿಗೆ ವರ್ಷಕ್ಕೊಮ್ಮೆ ಎಡೆ ಇಡಲು ಬರುವವರಿರುತ್ತಾರೆ. ವಸತಿ ಬೇರೆ, ಬಳಕೆ ಬೇರೆ ಎಂಬ ಈ ವಿವೇಕ ಆರ್ಕ್‌ಟಿಕ್ ದ್ವೀಪಗಳ ಬಗ್ಗೆ ಬರೆಯುವವರಲ್ಲಿ ಬಹಳ ಕಾಲ ಕಾಣಲಿಲ್ಲ.

ದ್ವೀಪದ ನೆಲದ ರಚನೆಯನ್ನು ಕುರಿತು ಹೇಳಬೇಕಾದದ್ದು ಹೆಚ್ಚಿಲ್ಲ. ಅದರ ಉದ್ದ ಸುಮಾರು 1,290 ಮೀಟರು, ಅಗಲ ಸುಮಾರು 1,200 ಮೀಟರು. ಅತಿ ಎತ್ತರದ ಸ್ಥಳ ಸಮುದ್ರಮಟ್ಟದಿಂದ 168 ಮೀಟರು. ಬದಿಗಳು ಕಡಿದಾಗಿವೆ. ಉತ್ತರದಿಂದ ದಕ್ಷಿಣಕ್ಕೆ ಒಂದು ಕೊರಕಲು ದ್ವೀಪವನ್ನು ಸೀಳಿಕೊಂಡು ಹೋಗಿದೆ. ಬಂಡೆ ಸೈಲೂರಿಯನ್ ಕಾಲಕ್ಕೆ, ಎಂದರೆ 40 ಕೋಟಿ ವರ್ಷಗಳಿಗೂ ಹಿಂದಿನ ಕಾಲಕ್ಕೆ ಸೇರಿದ ಸುಣ್ಣಕಲ್ಲು. ಗ್ರೀನ್‌ಲೆಂಡ್ ಕಡೆಯ ವಾಷಿಂಗ್ಟನ್ ಲ್ಯಾಂಡ್ ಪ್ರದೇಶದಲ್ಲಿಯೂ ಇದೇ ಕಾಲದ ಸುಣ್ಣಕಲ್ಲು ಹರಡಿಕೊಂಡಿದೆ. ಕೆನಡಿ ಚಾನಲಿನಲ್ಲಿರುವ ಮೂರು ಮುಖ್ಯ ದ್ವೀಪಗಳ ಪೈಕಿ ಇದು ಅತಿ ಚಿಕ್ಕದು. ಉಳಿದೆರಡು ಫ್ರಾಂಕ್ಲಿನ್ ಮತ್ತು ಕ್ರೋಜಿಯರ್ ದ್ವೀಪಗಳು. ಈ ಅಕ್ಷಾಂಶದಲ್ಲಿ ಅಕ್ಟೋಬರ್ ಕೊನೆಯ ಭಾಗದಿಂದ ಫೆಬ್ರವರಿ ಮೂರನೆಯ ವಾರದವರೆಗೆ ಸೂರ್ಯ ಕಾಣಿಸಿಕೊಳ್ಳುವುದಿಲ್ಲ. ಏಪ್ರಿಲ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಮುಳುಗುವುದಿಲ್ಲ. ವರ್ಷವಿಡೀ ಜನರಿರುವ ಅತ್ಯಂತ ಹತ್ತಿರದ ನೆಲೆ ಕೆನಡಾದ ಅಲರ್ಟ್ ಎಂಬ ಸೇನಾ ಠಾಣ್ಯ. ಅದು ಸುಮಾರು 200 ಕಿಲೋಮೀಟರ್ ದೂರದಲ್ಲಿದೆ. ಇನುಘುಯಿಟ್ ಜನರ ಸಿಯೋರಪಲುಕ್, ಕಾನಾಕ್ ಊರುಗಳು ದಕ್ಷಿಣಕ್ಕೆ 300 ಕಿಲೋಮೀಟರಿಗೂ ಹೆಚ್ಚು ದೂರ. 2008ರಲ್ಲಿ ದ್ವೀಪದ ನೆತ್ತಿಯ ಮೇಲೆ ಸ್ವಯಂಚಾಲಿತ ಹವಾಮಾನ ಯಂತ್ರವೊಂದನ್ನು ಸ್ಥಾಪಿಸಲಾಯಿತು.

ದ್ವೀಪದ ನಿಜವಾದ ಭೂಗೋಳವಿರುವುದು ಅದರ ಬಂಡೆಯಲ್ಲಿ ಅಲ್ಲ, ಅದರ ಸುತ್ತ ಚಲಿಸುವ ಹಿಮದಲ್ಲಿ. ಲಿಂಕನ್ ಸಮುದ್ರದಲ್ಲಿ ಹಲವು ವರ್ಷಗಳಿಂದ ಬಲಿತ ದಪ್ಪ ಹಿಮಗಡ್ಡೆಗಳು ಪ್ರವಾಹಕ್ಕೂ ಗಾಳಿಗೂ ಸಿಕ್ಕಿ ಜಲಸಂಧಿಯ ಮೂಲಕ ದಕ್ಷಿಣಕ್ಕೆ ಇಳಿಯುತ್ತವೆ. ದ್ವೀಪದ ಬಳಿ ಜಲಸಂಧಿಯ ಅಗಲ ಸುಮಾರು 35 ಕಿಲೋಮೀಟರು. ಹೀಗೆ ಇಕ್ಕಟ್ಟಾದ ಹಾದಿಯಲ್ಲಿ ಹಿಮದ ರಾಶಿಗೆ ಅಡ್ಡನಿಂತ ಬಂಡೆ ಇದು. ಬೇಸಿಗೆಯಲ್ಲಿ ದೊಡ್ಡ ಗಡ್ಡೆಗಳು ಬಂದು ದ್ವೀಪಕ್ಕೆ ಅಪ್ಪಳಿಸುತ್ತವೆ, ಒಡೆಯುತ್ತವೆ, ಬದಿಗೆ ಸರಿದು ಮುಂದೆ ಸಾಗುತ್ತವೆ. 1980ರಿಂದ 1983ರವರೆಗೆ ಕೆನಡಾದ ಡೋಮ್ ಪೆಟ್ರೋಲಿಯಂ ಸಂಸ್ಥೆ ಇಲ್ಲಿ ನಡೆಸಿದ ಸಂಶೋಧನೆಯ ವಸ್ತುವೂ ಇದೇ ಆಗಿತ್ತು. ಆರ್ಕ್‌ಟಿಕ್ ಸಮುದ್ರದಲ್ಲಿ ತೈಲಕ್ಕಾಗಿ ಕಟ್ಟುವ ರಚನೆಗಳು ಎಷ್ಟು ಬಲದ ಹೊಡೆತವನ್ನು ತಾಳಬೇಕು ಎಂಬುದನ್ನು ತಿಳಿಯಲು, ದ್ವೀಪಕ್ಕೆ ಬಡಿದ ಗಡ್ಡೆಗಳ ವೇಗ ಎಷ್ಟು ಕುಗ್ಗುತ್ತದೆ ಎಂದು ಅಳೆಯಲಾಯಿತು. ನಿಸರ್ಗವೇ ನಿಲ್ಲಿಸಿದ ಪರೀಕ್ಷಾಕಂಬವೆಂದು ಸಂಶೋಧಕರು ದ್ವೀಪವನ್ನು ಬಳಸಿಕೊಂಡರು ಎನ್ನಬಹುದು. ಹಾಲ್ ಬೇಸಿನ್ನಿಗೆ ಇಳಿಯುವ ಪೀಟರ್‌ಮನ್ ಹಿಮನದಿಯೂ ಇದೇ ಹಾದಿಗೆ ತನ್ನ ಪಾಲನ್ನು ಸೇರಿಸುತ್ತದೆ. 2010ರ ಆಗಸ್ಟಿನಲ್ಲಿ ಆ ಹಿಮನದಿಯಿಂದ ಸುಮಾರು 250 ಚದರ ಕಿಲೋಮೀಟರ್ ವಿಸ್ತಾರದ ಹಿಮಹಲಗೆ ಕಳಚಿಕೊಂಡಿತು. ಅದು ಜೋ ದ್ವೀಪವೆಂಬ ಸಣ್ಣ ದ್ವೀಪಕ್ಕೆ ಸೆಪ್ಟೆಂಬರಿನಲ್ಲಿ ಬಡಿದು ಎರಡಾಗಿ, ಬಳಿಕ ದಕ್ಷಿಣಕ್ಕೆ ತೇಲಿತು.

ಚಳಿಗಾಲದಲ್ಲಿ ಚಿತ್ರ ತಲೆಕೆಳಗಾಗುತ್ತದೆ. ಜಲಸಂಧಿಯ ಇಕ್ಕಟ್ಟಿನಲ್ಲಿ ಗಡ್ಡೆಗಳು ಒಂದಕ್ಕೊಂದು ಸಿಕ್ಕಿಕೊಂಡು, ಕಮಾನಿನ ಕಲ್ಲುಗಳು ಪರಸ್ಪರ ಒತ್ತಿ ನಿಲ್ಲುವಂತೆ, ದಡದಿಂದ ದಡಕ್ಕೆ ಬಿಗಿಯಾಗುತ್ತವೆ. ಇದನ್ನು ಹಿಮಕಮಾನು ಅಥವಾ ಹಿಮಸೇತುವೆ ಎನ್ನಲಾಗುತ್ತದೆ. ಸಾಮಾನ್ಯವಾಗಿ ಇಂಥ ಒಂದು ಕಮಾನು ಕೇನ್ ಬೇಸಿನ್ನಿನ ದಕ್ಷಿಣ ಅಂಚಿನಲ್ಲಿ ಕಟ್ಟಿಕೊಳ್ಳುತ್ತದೆ. ಇನ್ನೊಂದು ಉತ್ತರದಲ್ಲಿ, ಲಿಂಕನ್ ಸಮುದ್ರದ ಬಾಯಿಯಲ್ಲಿ. ದಕ್ಷಿಣದ ಕಮಾನಿನ ಹಿಂದೆ ಹಿಮ ನಿಶ್ಚಲವಾಗುತ್ತದೆ, ಕಡಲು ನೆಲವಾಗುತ್ತದೆ. ಕಮಾನಿನ ಮುಂದೆ, ಬ್ಯಾಫಿನ್ ಕೊಲ್ಲಿಯ ತಲೆಯಲ್ಲಿ, ಹಿಮ ಬಂದು ತುಂಬದ ಕಾರಣ ನಡುಚಳಿಯಲ್ಲೂ ತೆರೆದ ನೀರು ಉಳಿಯುತ್ತದೆ. ಈ ತೆರೆದ ನೀರಿಗೆ ಗ್ರೀನ್‌ಲೆಂಡಿನವರು ಇಟ್ಟ ಹೆಸರು ಪಿಕಿಯಲಸೊರ್ಸುವಾಕ್. ನೀರು ಕೆಳಗಿನಿಂದ ಉಕ್ಕಿಬರುವ ದೊಡ್ಡ ಸ್ಥಳ ಎಂದು ಅದರ ಭಾವ. ಸೀಲ್, ವಾಲ್ರಸ್, ತಿಮಿಂಗಿಲ, ಕಡಲಹಕ್ಕಿಗಳೆಲ್ಲ ಕೂಡುವ ಈ ನೀರೂ, ಅದನ್ನು ಕಾಯುವ ಸೇತುವೆಯೂ ಇಲ್ಲದಿದ್ದರೆ ಇಷ್ಟು ಉತ್ತರದಲ್ಲಿ ಮನುಷ್ಯರ ವಸತಿಯೇ ಕಷ್ಟವಾಗುತ್ತಿತ್ತು. ನಕಾಶೆ ಈ ಜಲಸಂಧಿಯನ್ನು ನೀಲಿ ಬಣ್ಣದಲ್ಲಿ ತೋರಿಸಿ ಎರಡು ನೆಲಗಳನ್ನು ಬೇರ್ಪಡಿಸುತ್ತದೆ. ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ಹೋಗುವವನ ಪಾಲಿಗೆ ಅದು ವರ್ಷದ ಬಹುಭಾಗ ದಾರಿ.

ಹಾಗೆ ದಾರಿಯಾಗಿತ್ತು ಎಂಬುದಕ್ಕೆ ಪುರಾವೆಗಳಿವೆ. 1930ರ ದಶಕದಲ್ಲಿ ಡೆನ್ಮಾರ್ಕಿನ ವಿದ್ವಾಂಸ ಎರಿಕ್ ಹೋಲ್ಟ್‌ವೆಡ್ ಗ್ರೀನ್‌ಲೆಂಡ್ ಕಡೆಯ ರೂಯಿನ್ ದ್ವೀಪ ಮೊದಲಾದೆಡೆ ಉತ್ಖನನ ನಡೆಸಿದ. ಪೀಟರ್ ಶ್ಲೆಡರ್‌ಮನ್ 1970ರ ದಶಕದ ಕೊನೆಯಿಂದ ಎಲ್ಸ್‌ಮಿಯರ್ ಕಡೆಯ ಸ್ಕ್ರೆಲಿಂಗ್ ದ್ವೀಪದಲ್ಲಿ ಅಗೆಸಿದ. ಎರಡು ದಡಗಳಲ್ಲಿಯೂ ದೊರೆತದ್ದು ಒಂದೇ ಸಂಸ್ಕೃತಿಯ ಮನೆಗಳ ಅವಶೇಷ. ಎರಡು ಕಡೆಯೂ ನಾರ್ಸ್ ಜನರ ವಸ್ತುಗಳು ಸಿಕ್ಕಿವೆ. ಹೋಲ್ಟ್‌ವೆಡ್ ಕೇವಲ ಅಗೆಯುವವನಾಗಿರಲಿಲ್ಲ. ಇನುಘುಯಿಟ್ ಜನರ ಭಾಷೆಯನ್ನು ಕಲಿತು, ಅವರ ಕಥೆಗಳನ್ನು ಅವರ ಮಾತಿನಲ್ಲೇ ಬರೆದುಕೊಂಡು 1951ರಲ್ಲಿ ಪ್ರಕಟಿಸಿದ. ಅವರ ಮೌಖಿಕ ಇತಿಹಾಸದಲ್ಲಿ ಕಿಲ್ಲಾಕ್ ಎಂಬ ಶಾಮನನ ಪಯಣದ ಕಥೆ ಪ್ರಸಿದ್ಧ. 19ನೆಯ ಶತಮಾನದ ಮಧ್ಯಭಾಗದಲ್ಲಿ ಈತ ಬ್ಯಾಫಿನ್ ದ್ವೀಪದಿಂದ ಒಂದು ಗುಂಪನ್ನು ಕರೆದುಕೊಂಡು ಎಲ್ಸ್‌ಮಿಯರ್ ಮಾರ್ಗವಾಗಿ ಸ್ಮಿತ್ ಸೌಂಡನ್ನು ದಾಟಿ ಗ್ರೀನ್‌ಲೆಂಡಿಗೆ ಬಂದ. ಇನುಘುಯಿಟರು ಅಷ್ಟರಲ್ಲಿ ಮರೆತಿದ್ದ ಕಯಾಕ್ ದೋಣಿ, ಬಿಲ್ಲು ಬಾಣ, ಮೀನಿನ ಈಟಿ ಇವುಗಳ ಬಳಕೆ ಈ ಬಂದವರಿಂದ ಮರಳಿ ಬಂದಿತು. ಕಿಲ್ಲಾಕ್ ದಾಟಿದ ಸ್ಥಳ ತರ್ತುಪಲುಕ್‌ಗಿಂತ ಬಹಳ ದಕ್ಷಿಣದ್ದು ಎಂಬುದು ನಿಜ. ಆದರೆ ಎಲ್ಸ್‌ಮಿಯರ್ ಎಂಬ ನೆಲ ಇನುಯಿಟರ ಮಾತಿನಲ್ಲಿ ಉಮಿಂಗ್ಮಕ್ ನುನಾ, ಕಸ್ತೂರಿ ಎತ್ತುಗಳ ನಾಡು. ಹಿಮಕರಡಿ ಮತ್ತು ಕಸ್ತೂರಿ ಎತ್ತುಗಳಿಗಾಗಿ ಅಲ್ಲಿಗೆ ಹೋಗಿಬರುವುದು ಅವರ ವಾರ್ಷಿಕ ಬದುಕಿನ ಭಾಗವಾಗಿತ್ತು. ಅಂಥ ಓಡಾಟದಲ್ಲಿ 168 ಮೀಟರ್ ಎತ್ತರದ ಬಂಡೆಗೆ ಬೆಲೆಯಿರುತ್ತದೆ. ಅದರ ಮೇಲೆ ಹತ್ತಿ ನಿಂತರೆ ಹಿಮ ಎಲ್ಲಿ ಗಟ್ಟಿ, ಎಲ್ಲಿ ಬಿರುಕು, ಕರಡಿ ಎತ್ತ ಸಾಗುತ್ತಿದೆ ಎಂಬುದನ್ನು ನೋಡಬಹುದು. ಬೇಟೆಗಾರರು ದ್ವೀಪವನ್ನು ಹೀಗೆ ನೋಟದ ದಿಬ್ಬವಾಗಿ ಬಳಸುತ್ತಿದ್ದರೆಂಬುದನ್ನು ಡೆನ್ಮಾರ್ಕ್ ತನ್ನ ಹಕ್ಕಿನ ವಾದದಲ್ಲಿಯೂ ಮುಂದಿಟ್ಟಿತು.

ಈಗ ಹೆಸರುಗಳಿಗೆ ಬರಬಹುದು. ತರ್ತುಪಲುಕ್ ಎಂದರೆ ಮೂತ್ರಪಿಂಡದ ಆಕಾರದ್ದು. ಸೀಲನ್ನು ಕೊಯ್ದು ಹಂಚಿಕೊಳ್ಳುವುದು ನಿತ್ಯದ ಕೆಲಸವಾಗಿದ್ದ ಜನರಿಗೆ ಪ್ರಾಣಿಯ ಒಳಾಂಗಗಳ ಆಕಾರ ಕೈಗೆ ಪರಿಚಿತವಾದದ್ದು. ಹೋಲಿಕೆ ಅಲ್ಲಿಂದಲೇ ಬಂದಿರಬೇಕೆಂದು ಊಹಿಸಲು ಅಡ್ಡಿಯಿಲ್ಲ. ಈ ಹೆಸರು ಯಾರನ್ನೂ ಸ್ಮರಿಸುವುದಿಲ್ಲ, ಯಾರ ಹಕ್ಕನ್ನೂ ಸಾರುವುದಿಲ್ಲ. ದೂರದಿಂದ ಬರುವವನಿಗೆ ಗುರುತು ಹೇಳುತ್ತದೆ, ಅಷ್ಟೆ. ಸ್ಥಳನಾಮ ಅಧ್ಯಯನದಲ್ಲಿ ವರ್ಣನಾತ್ಮಕ ನಾಮಗಳೆಂದು ಕರೆಯುವ ವರ್ಗಕ್ಕೆ ಇದು ಸೇರುತ್ತದೆ.

ಪಾಶ್ಚಾತ್ಯ ನಕಾಶೆಯ ಹೆಸರುಗಳು ಬೇರೆ ಬಗೆಯವು. 1853ರಿಂದ 1855ರವರೆಗೆ ಅಮೆರಿಕದ ಎಲೈಷಾ ಕೆಂಟ್ ಕೇನ್ ನಡೆಸಿದ ಯಾನದಲ್ಲಿ, ಕಾಣೆಯಾಗಿದ್ದ ಜಾನ್ ಫ್ರಾಂಕ್ಲಿನ್ ಮತ್ತು ಆತನ ಜೊತೆಗಾರ ಫ್ರಾನ್ಸಿಸ್ ಕ್ರೋಜಿಯರ್ ಇವರ ಹೆಸರುಗಳು ಎರಡು ದ್ವೀಪಗಳಿಗೆ ಬಂದವು. ಅಮೆರಿಕದ ನೌಕಾಖಾತೆಯ ಕಾರ್ಯದರ್ಶಿಯಾಗಿದ್ದ ಜಾನ್ ಕೆನಡಿಯ ಹೆಸರು ಕಾಲುವೆಗೆ ಬಂದಿತು. 1854ರಲ್ಲಿ ಈ ಕಾಲುವೆಯ ದಡದವರೆಗೆ ಹೋಗಿ ನೋಡಿಬಂದವರು ಇಬ್ಬರು: ವಿಲಿಯಂ ಮಾರ್ಟನ್ ಮತ್ತು ಗ್ರೀನ್‌ಲೆಂಡಿನ ಫಿಸ್ಕೆನೆಸೆಟ್ ಊರಿನಿಂದ ಬೇಟೆಗಾರನಾಗಿ ಯಾನ ಸೇರಿದ್ದ ತರುಣ ಹ್ಯಾನ್ಸ್ ಹೆಂಡ್ರಿಕ್. ಈತನ ಗ್ರೀನ್‌ಲೆಂಡಿ ಹೆಸರು ಸುವೆರ್ಸಾಕ್. ಕೇನ್ ಕೂಡ ಒಂದು ದ್ವೀಪಕ್ಕೆ ಹ್ಯಾನ್ಸನ ಹೆಸರಿಟ್ಟಿದ್ದ. ಆದರೆ ಅದು ಬಹಳ ದಕ್ಷಿಣದಲ್ಲಿ, ಲಿಟಲ್ಟನ್ ದ್ವೀಪದ ಬಳಿಯಿರುವ ಬೇರೆಯದೇ ದ್ವೀಪ. ಎರಡನ್ನೂ ಒಂದೆಂದು ಬಗೆದು ಬರೆದ ಲೇಖನಗಳಿಗೆ ಕೊರತೆಯಿಲ್ಲ. ಕೆನಡಿ ಚಾನಲಿನ ದ್ವೀಪಕ್ಕೆ ಈ ಹೆಸರು ಬಂದದ್ದು ಚಾರ್ಲ್ಸ್ ಫ್ರಾನ್ಸಿಸ್ ಹಾಲ್‌ನ ‘ಪೊಲಾರಿಸ್’ ಯಾನದ ಕಾಲದಲ್ಲಿ, ಎಂದರೆ 1871ರಿಂದ 1873ರ ನಡುವೆ ಇರಬೇಕು. ಆ ಯಾನದ ವೃತ್ತಾಂತವಾಗಿ ಚಾರ್ಲ್ಸ್ ಹೆನ್ರಿ ಡೇವಿಸ್ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, 1872ರ ಆಗಸ್ಟಿನಲ್ಲಿ ಹಡಗು ಎಲ್ಲಿದೆಯೆಂದು ಲೆಕ್ಕ ಹಾಕುವ ಸಂದರ್ಭದಲ್ಲಿ, ದ್ವೀಪದ ಹೆಸರು ಯಾವ ವಿವರಣೆಯೂ ಇಲ್ಲದೆ ಬಂದು ಹೋಗುತ್ತದೆ.

ಅದೇ ಯಾನದಲ್ಲಿ ಇನ್ನಿಬ್ಬರು ಇನುಯಿಟರಿದ್ದರು: ಎಬಿಯರ್ಬಿಂಗ್ ಮತ್ತು ಅವನ ಹೆಂಡತಿ ತುಕುಲಿಟೊ. ನಾವಿಕರ ಬಾಯಲ್ಲಿ ಇವರು ಜೋ ಮತ್ತು ಹ್ಯಾನಾ ಆಗಿದ್ದರು. ನೇರ್ಸ್ ಜಲಸಂಧಿಯಲ್ಲಿ ಜೋ ದ್ವೀಪವಿದೆ, ಹ್ಯಾನಾ ದ್ವೀಪವೂ ಇದೆ. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಫ್ರಾಂಕ್ಲಿನ್, ಕ್ರೋಜಿಯರ್, ಕೆನಡಿ, ಕೇನ್, ಹಾಲ್ ಇವೆಲ್ಲ ಮನೆತನದ ಹೆಸರುಗಳು. ಹ್ಯಾನ್ಸ್, ಜೋ, ಹ್ಯಾನಾ ಕೆಲಸದವರನ್ನು ಕೂಗಿ ಕರೆಯುವ ಹೆಸರುಗಳು. ಅವೂ ಅವರ ತಂದೆತಾಯಿ ಆಡುತ್ತಿದ್ದ ಭಾಷೆಯವಲ್ಲ. ಇನುಯಿಟರ ಸೇವೆಯನ್ನು ನೆನೆದು ಹೆಸರಿಟ್ಟ ಉದಾರತೆಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ನಕಾಶೆಯ ಮೇಲೂ ಹಡಗಿನ ಮೇಲಿನ ಅಂತರವೇ ಉಳಿದುಕೊಂಡಿತು. ಇಡೀ ಜಲಸಂಧಿಗೆ 1875–76ರ ಬ್ರಿಟಿಷ್ ಯಾನದ ನಾಯಕ ಜಾರ್ಜ್ ನೇರ್ಸ್‌ನ ಹೆಸರನ್ನು ಡೆನ್ಮಾರ್ಕ್ ಮತ್ತು ಕೆನಡಾ ಸರ್ಕಾರಗಳು ಒಪ್ಪಿಕೊಂಡದ್ದು 1964ರಲ್ಲಿ. ಆ ಯಾನದಲ್ಲಿಯೂ ಬೇಟೆಗಾರನಾಗಿ ಹ್ಯಾನ್ಸ್ ಹೆಂಡ್ರಿಕ್ ಇದ್ದ.

ಈ ಹ್ಯಾನ್ಸ್ ಹೆಂಡ್ರಿಕ್‌ನ ಬದುಕು ದ್ವೀಪದ ಭೂಗೋಳಕ್ಕೆ ಹೊರಗಿನದಲ್ಲ. ಕೇನ್‌ನ ಯಾನ ಮುಗಿಯುವಾಗ ಊರಿಗೆ ಮರಳದೆ ಇನುಘುಯಿಟರ ನಡುವೆ ಉಳಿದು, ಅವರ ಹೆಣ್ಣನ್ನು ಮದುವೆಯಾದ. 1860ರಲ್ಲಿ ಐಸಾಕ್ ಹೇಯ್ಸ್‌ನ ಯಾನಕ್ಕೆ, 1871ರಲ್ಲಿ ಹೆಂಡತಿ ಮಕ್ಕಳೊಂದಿಗೆ ‘ಪೊಲಾರಿಸ್’ಗೆ ಸೇರಿದ. ಹಡಗಿನ ಮೇಲೆಯೇ ಅವನಿಗೆ ಇನ್ನೊಂದು ಗಂಡುಮಗು ಹುಟ್ಟಿತು. 1872ರ ಅಕ್ಟೋಬರಿನಲ್ಲಿ ಬಿರುಗಾಳಿಗೆ ಸಿಕ್ಕ ಹಡಗು ಹಿಮದಿಂದ ಕಿತ್ತುಕೊಂಡು ಹೋದಾಗ 19 ಜನ ಹಿಮಗಡ್ಡೆಯ ಮೇಲೆಯೇ ಉಳಿದರು. ಅವರಲ್ಲಿ ಹ್ಯಾನ್ಸ್ ಮತ್ತು ಎಬಿಯರ್ಬಿಂಗ್ ಕುಟುಂಬಗಳೂ ಇದ್ದವು. ಆರು ತಿಂಗಳಿಗೂ ಹೆಚ್ಚು ಕಾಲ, ಸುಮಾರು 2,900 ಕಿಲೋಮೀಟರ್ ತೇಲಿ, 1873ರ ಏಪ್ರಿಲ್ 30ರಂದು ಲ್ಯಾಬ್ರಡಾರ್ ಕಡಲಿನಲ್ಲಿ ‘ಟೈಗ್ರೆಸ್’ ಎಂಬ ಸೀಲ್ ಬೇಟೆಯ ಹಡಗಿಗೆ ಸಿಕ್ಕಿದರು. ಒಬ್ಬರೂ ಸಾಯಲಿಲ್ಲ. ಈ ಇಬ್ಬರು ಹೊಡೆದು ತಂದ ಸೀಲುಗಳೇ ಅದಕ್ಕೆ ಮುಖ್ಯ ಕಾರಣ. ದ್ವೀಪಕ್ಕೆ ಬಡಿದು ದಕ್ಷಿಣಕ್ಕೆ ಸಾಗುವ ಹಿಮ ಕೊನೆಗೆ ಯಾವ ದಿಕ್ಕಿಗೆ ಹೋಗುತ್ತದೆ ಎಂಬುದನ್ನು ಈ 19 ಜನ ಮೈಮೇಲೆ ಅನುಭವಿಸಿ ತಿಳಿದರು.

ಹ್ಯಾನ್ಸ್ ತನ್ನ ಅನುಭವವನ್ನು ಗ್ರೀನ್‌ಲೆಂಡಿ ಭಾಷೆಯಲ್ಲಿ ಬರೆದ. ಅದನ್ನು ಇಂಗ್ಲಿಷಿಗೆ ಅನುವಾದಿಸಿ 1878ರಲ್ಲಿ ಹೊರತಂದವನು ಹಿನ್‌ರಿಕ್ ರಿಂಕ್. ಜಾನಪದ ಅಭ್ಯಾಸಿಗಳಿಗೆ ಈ ಹೆಸರು ಅಪರಿಚಿತವಲ್ಲ. 1858ರಲ್ಲಿ ಗ್ರೀನ್‌ಲೆಂಡಿನವರು ತಮ್ಮ ಕಥೆಗಳನ್ನು ತಾವೇ ಬರೆದು ಕಳುಹಿಸಬೇಕೆಂದು ಕರೆಕೊಟ್ಟು, ಬಂದ ಕಥೆಗಳನ್ನು ಸಂಪುಟಗಳಾಗಿ ಅಚ್ಚು ಹಾಕಿಸಿದವನು ಈತ. 1861ರಲ್ಲಿ ಗ್ರೀನ್‌ಲೆಂಡಿ ಭಾಷೆಯ ಪತ್ರಿಕೆ ಆರಂಭವಾದದ್ದು ಈತನಿಂದಲೇ. ಬೇಟೆಗಾರನೊಬ್ಬ ತನ್ನ ಕಥೆಯನ್ನು ತನ್ನ ನುಡಿಯಲ್ಲಿ ಬರೆಯುವುದು, ಅದನ್ನು ಓದುವವರಿರುವುದು ಸಾಧ್ಯವಾದದ್ದು ಈ ವಾತಾವರಣದಲ್ಲಿ. ಕೇನ್, ಹೇಯ್ಸ್, ಹಾಲ್, ನೇರ್ಸ್ ಈ ನಾಲ್ವರ ಯಾನಗಳನ್ನೂ ಒಳಗಿನಿಂದ ಕಂಡು ಬರೆದವನು ಈತನೊಬ್ಬನೇ. ಆದರೂ ಆರ್ಕ್‌ಟಿಕ್ ಅನ್ವೇಷಣೆಯ ಇತಿಹಾಸಗಳಲ್ಲಿ ಅವನ ಪುಸ್ತಕಕ್ಕೆ ಸಲ್ಲಬೇಕಾದಷ್ಟು ಸ್ಥಾನ ಸಂದಿಲ್ಲ.

ಒಡೆತನದ ವಾದವನ್ನು ಸಂಕ್ಷೇಪವಾಗಿ ನೋಡಿದರೆ ಸಾಕು. 1920ರಲ್ಲಿ, ಗ್ರೀನ್‌ಲೆಂಡಿನ ಬೇಟೆಗಾರರು ಎಲ್ಸ್‌ಮಿಯರಿನಲ್ಲಿ ಕಸ್ತೂರಿ ಎತ್ತುಗಳನ್ನು ಕೊಲ್ಲುತ್ತಿದ್ದಾರೆಂದು ಕೆನಡಾ ಆಕ್ಷೇಪಿಸಿದಾಗ, ತೂಲೆ ಕೇಂದ್ರದ ಸ್ಥಾಪಕನೂ ಇನುಯಿಟ್ ಜಾನಪದದ ಮಹಾಸಂಗ್ರಾಹಕನೂ ಆದ ಕ್ನುಡ್ ರಾಸ್ಮುಸೆನ್ ಆ ನೆಲ ಯಾರ ಒಡೆತನಕ್ಕೂ ಸೇರಿದ್ದಲ್ಲವೆಂದು ಉತ್ತರ ಬರೆದ. ಬೇಟೆಗಾರರ ದಾರಿಯನ್ನು ಬಲ್ಲವನೇ ಅದನ್ನು ಯಾರದೂ ಅಲ್ಲದ ನೆಲವೆಂದು ಕರೆದದ್ದು ವಿಚಿತ್ರವೆನಿಸಿದರೂ, ಅವನ ಉದ್ದೇಶ ಆ ದಾರಿಯನ್ನು ತೆರೆದಿಡುವುದಾಗಿತ್ತು. ಕೆನಡಾ ಇದಕ್ಕೆ ಎಲ್ಸ್‌ಮಿಯರಿನಲ್ಲಿ ಪೊಲೀಸ್ ಠಾಣ್ಯಗಳನ್ನು ತೆರೆದು ಉತ್ತರಿಸಿತು. 1973ರಲ್ಲಿ ಡೆನ್ಮಾರ್ಕ್ ಮತ್ತು ಕೆನಡಾ ಕಡಲತಳದ ಗಡಿಯನ್ನು ಗುರುತಿಸಿಕೊಂಡವು. ಒಂದು ಬಿಂದುವಿನಿಂದ ಇನ್ನೊಂದಕ್ಕೆ ಎಳೆದ ಗೆರೆ 122ನೆಯ ಬಿಂದುವಿನಲ್ಲಿ, ದ್ವೀಪದ ಒಂದು ದಡದಲ್ಲಿ ನಿಂತು, 123ನೆಯ ಬಿಂದುವಿನಿಂದ ಇನ್ನೊಂದು ದಡದಲ್ಲಿ ಮುಂದುವರಿಯಿತು. ನಡುವಿನ 875 ಮೀಟರ್ ಬರಿದಾಗಿ ಉಳಿಯಿತು. ಪ್ರಾದೇಶಿಕ ಜಲಗಡಿ 12 ನಾಟಿಕಲ್ ಮೈಲಿ, ಎಂದರೆ ಸುಮಾರು 22 ಕಿಲೋಮೀಟರು. 35 ಕಿಲೋಮೀಟರ್ ಅಗಲದ ಜಲಸಂಧಿಯ ನಡುವಿನ ದ್ವೀಪ ಎರಡೂ ದೇಶಗಳ ಜಲಗಡಿಯೊಳಗೆ ಬೀಳುವುದರಿಂದ ತೊಡಕು ಸಹಜವಾಗಿತ್ತು. ಆ ಹೊತ್ತಿಗೆ ಗ್ರೀನ್‌ಲೆಂಡಿಗೆ ಸ್ವಂತ ಆಡಳಿತವಿರಲಿಲ್ಲ, ಅದು ಬಂದದ್ದು 1979ರಲ್ಲಿ. ಕೆನಡಾದ ಇನುಯಿಟರ ನುನಾವುಟ್ ಪ್ರಾಂತ ರೂಪುಗೊಂಡದ್ದು 1999ರಲ್ಲಿ. ಗೆರೆ ಎಳೆಯುವ ಮೇಜಿನ ಬಳಿ ಬೇಟೆಗಾರರ ಕಡೆಯ ಸರ್ಕಾರವೊಂದೂ ಕುಳಿತಿರಲಿಲ್ಲ.

1984ರಿಂದ ಮುಂದೆ ನಡೆದದ್ದು ಪತ್ರಿಕೆಗಳಿಗೆ ಪ್ರಿಯವಾದ ಕಥೆ. ಗ್ರೀನ್‌ಲೆಂಡ್ ವ್ಯವಹಾರಗಳ ಡೆನ್ಮಾರ್ಕ್ ಸಚಿವ ಟಾಮ್ ಹೋಯೆಮ್ ಹೆಲಿಕಾಪ್ಟರಿನಲ್ಲಿ ಬಂದು ಧ್ವಜ ನೆಟ್ಟು ಮದ್ಯದ ಸೀಸೆಯಿಟ್ಟು ಹೋದ. ಕೆನಡಾದವರು ತಮ್ಮ ಧ್ವಜದೊಂದಿಗೆ ವಿಸ್ಕಿ ಇಟ್ಟರು. ಮೊದಲ ಸೀಸೆ ಯಾರದು, ಅದರಲ್ಲಿದ್ದದ್ದು ಏನು ಎಂಬುದಕ್ಕೆ ಹೇಳುವವರಿಗೆ ತಕ್ಕಂತೆ ಪಾಠಾಂತರಗಳಿವೆ. ‘ವಿಸ್ಕಿ ಯುದ್ಧ’ ಆಧುನಿಕ ಕಾಲದ ಐತಿಹ್ಯವಾಗಿ ಬೆಳೆದಿದೆ ಎಂದರೆ ತಪ್ಪಾಗದು. ಅದರ ಹಾಸ್ಯ ಸೊಗಸಾದದ್ದೇ, ಆದರೆ ಆ ಕಥೆಯ ಪಾತ್ರಗಳಲ್ಲಿ ಇನುಘುಯಿಟರು ಇಲ್ಲ. 2005ರ ಜುಲೈಯಲ್ಲಿ ಕೆನಡಾದ ರಕ್ಷಣಾ ಸಚಿವ ಬಿಲ್ ಗ್ರಹಾಂ ದ್ವೀಪದ ಮೇಲೆ ಕಾಲಿಟ್ಟಾಗ ಡೆನ್ಮಾರ್ಕ್ ಪ್ರತಿಭಟಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಾತುಕತೆಯ ಕ್ರಮಕ್ಕೆ ಎರಡೂ ಕಡೆ ಒಪ್ಪಿದವು. 2018ರಲ್ಲಿ ಜಂಟಿ ಕಾರ್ಯಪಡೆ ರಚನೆಯಾಯಿತು. 2022ರ ಜೂನ್ 14ರಂದು ಒಟ್ಟಾವಾದಲ್ಲಿ ಕೆನಡಾ ಮತ್ತು ಡೆನ್ಮಾರ್ಕಿನ ವಿದೇಶಾಂಗ ಸಚಿವರೊಂದಿಗೆ ಗ್ರೀನ್‌ಲೆಂಡ್ ಸರ್ಕಾರದ ಮುಖ್ಯಸ್ಥ ಮ್ಯೂಟೆ ಬೌರಪ್ ಎಗೆದೆ ಒಪ್ಪಂದಕ್ಕೆ ಸಹಿ ಹಾಕಿದರು.

ಗಡಿಗೆ ಆರಿಸಿಕೊಂಡದ್ದು ದ್ವೀಪದ ಕೊರಕಲನ್ನು. ಸುಮಾರು 1,280 ಮೀಟರ್ ಉದ್ದದ ಈ ಗೆರೆಯ ಪೂರ್ವಕ್ಕೆ, ದ್ವೀಪದ ಹೆಚ್ಚಿನ ಪಾಲು, ಗ್ರೀನ್‌ಲೆಂಡ್ ಕಡೆಗೆ ಸೇರಿತು. ಪಶ್ಚಿಮದ ಭಾಗ ನುನಾವುಟ್‌ಗೆ. ಒಪ್ಪಂದದ ಶೀರ್ಷಿಕೆಯ ಮಟ್ಟದಲ್ಲಿಯೇ ತರ್ತುಪಲುಕ್ ಎಂಬ ಹೆಸರು ಬಳಕೆಯಾಯಿತು. ಅವಾನೆರ್ಸುವಾಕ್‌ನ ಇನುಘುಯಿಟರೂ ನುನಾವುಟ್‌ನ ಇನುಯಿಟರೂ ಬೇಟೆ, ಮೀನುಗಾರಿಕೆ ಮತ್ತಿತರ ಪರಂಪರಾಗತ ಕಾರ್ಯಗಳಿಗಾಗಿ ಇಡೀ ದ್ವೀಪದಲ್ಲಿ ಹಿಂದಿನಂತೆ ಓಡಾಡುವುದನ್ನು ಉಳಿಸಿಕೊಡಬೇಕೆಂದು ಅದರಲ್ಲಿ ಹೇಳಲಾಗಿದೆ. ಆದರೆ ದ್ವೀಪಕ್ಕೆ ಒಯ್ಯುವ ಹಿಮದ ಸ್ಥಿತಿ ಈ ನಡುವೆ ಬದಲಾಗುತ್ತಿದೆ. 2007ರಲ್ಲಿ ಹಿಮಸೇತುವೆ ಕಟ್ಟಿಕೊಳ್ಳಲೇ ಇಲ್ಲ. ಲಿಂಕನ್ ಸಮುದ್ರದ ದಪ್ಪ ಹಿಮ ಚಳಿಗಾಲವಿಡೀ ತಡೆಯಿಲ್ಲದೆ ದಕ್ಷಿಣಕ್ಕೆ ಹರಿಯಿತು. 2017ರಲ್ಲಿ ಉತ್ತರದ ಕಮಾನು ಮೇ ತಿಂಗಳಲ್ಲಿಯೇ ಕುಸಿಯಿತು. ಇನುಯಿಟ್ ಸರ್ಕಂಪೋಲಾರ್ ಕೌನ್ಸಿಲ್ 2016ರಲ್ಲಿ ನೇಮಿಸಿದ ಪಿಕಿಯಲಸೊರ್ಸುವಾಕ್ ಆಯೋಗ ಎರಡು ದಡಗಳ ಊರುಗಳಿಗೂ ಹೋಗಿ ಜನರ ಮಾತು ಕೇಳಿ 2017ರ ನವೆಂಬರಿನಲ್ಲಿ ವರದಿ ನೀಡಿತು. ವರದಿಯ ಹೆಸರಿನಲ್ಲಿಯೇ ಅವರು ತಮ್ಮನ್ನು ಹಿಮಸೇತುವೆಯ ಜನರೆಂದು ಕರೆದುಕೊಂಡಿದ್ದಾರೆ. ತೆರೆದ ನೀರಿನ ಆ ಪ್ರದೇಶದ ನಿರ್ವಹಣೆ ಇನುಯಿಟರ ನೇತೃತ್ವದಲ್ಲಿ ನಡೆಯಬೇಕು, ಎರಡು ದಡಗಳ ನಡುವೆ ಅವರ ಓಡಾಟ ಮತ್ತೆ ಮುಕ್ತವಾಗಬೇಕು ಎಂಬುವು ಅದರ ಮುಖ್ಯ ಬೇಡಿಕೆಗಳು.